ಮರಳುವ ವರ್ಷ ಮೊದಲು, ಶಾಲೆ ಆಮೇಲೆ

ಕಳಸ, ಹೊರನಾಡು, ಸಂಸೆ ಕಡೆಯಿಂದ ಹೊರದೇಶಕ್ಕೆ ಹೋಗುವುದು ಹೊಸದೇನಲ್ಲ. ಮೊದಲೆಲ್ಲ ಹೆಚ್ಚಾಗಿ ಗಂಡಸರು ಒಬ್ಬರೇ ಗಲ್ಫಿಗೆ ಹೋಗುತ್ತಿದ್ದರು. ಹೆಂಡತಿ ಮಕ್ಕಳು ತೋಟದ ಮನೆಯಲ್ಲೇ ಉಳಿಯುತ್ತಿದ್ದರು. ಈಗ ಸಂಸಾರ ಸಮೇತ ಹೊರಡುವವರು ಹೆಚ್ಚು. ಒಬ್ಬರಿಗೆ ದುಬೈಯ ಕಂಪನಿ, ಇನ್ನೊಬ್ಬರಿಗೆ ಇಂಗ್ಲೆಂಡಿನ ಆಸ್ಪತ್ರೆ, ಮತ್ತೊಬ್ಬರಿಗೆ ಜರ್ಮನಿಯ ಕಾರ್ಖಾನೆ. ಆಫರ್ ಲೆಟರ್ ಬಂದ ದಿನದಿಂದ ವೀಸಾ, ಟಿಕೆಟ್, ಮನೆ ಬಾಡಿಗೆ ಎಂದು ಓಡಾಟ ಶುರುವಾಗುತ್ತದೆ. ಮಗುವಿನ ಶಾಲೆಯ ವಿಷಯ ಮಾತ್ರ ಕೊನೆಯವರೆಗೂ ಉಳಿದುಬಿಡುತ್ತದೆ. ಆಮೇಲೆ 'ಅಲ್ಲಿ ಒಳ್ಳೆಯ ಇಂಟರ್‌ನ್ಯಾಷನಲ್ ಸ್ಕೂಲ್ ಇದೆಯಂತೆ' ಎಂಬ ಒಂದು ಮಾತಿನಲ್ಲಿ ತೀರ್ಮಾನ ಆಗಿಹೋಗುತ್ತದೆ.

ಯಾವ ಶಾಲೆ ಒಳ್ಳೆಯದು ಎನ್ನುವುದು ಎರಡನೇ ಪ್ರಶ್ನೆ. ಮೊದಲು ಗಂಡ ಹೆಂಡತಿ ಕೂತು ಮಾತಾಡಬೇಕಾದದ್ದು ಮಗು ಊರಿಗೆ ಮರಳುವ ಹೊತ್ತಿಗೆ ಎಷ್ಟನೇ ಕ್ಲಾಸಿನಲ್ಲಿರುತ್ತದೆ ಎಂಬುದನ್ನು. ನಮ್ಮ ಕಡೆಯವರಿಗೆ ಈ ಪ್ರಶ್ನೆ ಬೆಂಗಳೂರಿನವರಿಗಿಂತ ಜಾಸ್ತಿ ಅನ್ವಯಿಸುತ್ತದೆ. ಇಲ್ಲಿ ತೋಟ ಇದೆ, ಅಡಿಕೆ ಕಾಫಿ ಕೊಯ್ಲು ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ. 'ಮೂರು ವರ್ಷ, ಹೆಚ್ಚೆಂದರೆ ಐದು' ಎಂದು ಹೇಳಿ ಹೊರಡುವವರೇ ಬಹಳ. ಆ ಐದು ವರ್ಷ ಮಗುವಿನ ಓದಿನ ಯಾವ ಭಾಗದಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಏಳು ವರ್ಷದ ಲೆಕ್ಕ

ಇಂಜಿನಿಯರಿಂಗ್, ಮೆಡಿಕಲ್, ಕೃಷಿ ಕಾಲೇಜಿನ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಹತೆ ನೋಡುವಾಗ ಸಾಮಾನ್ಯವಾಗಿ ಬಳಸುವ ನಿಯಮ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಹತ್ತನೇ ತರಗತಿಯನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸು ಮಾಡಿರಬೇಕು. ಹೊರಡುವ ಮೊದಲು ಇದನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕ ಹಾಕಿ. ಮೂರನೇ ಕ್ಲಾಸು ಮುಗಿಸಿ ಹೋದ ಮಗು ಒಂಬತ್ತನೇ ಕ್ಲಾಸಿಗೆ ಮರಳಿದರೆ, ಹಿಂದಿನ ಮೂರು ಮತ್ತು ಮುಂದಿನ ನಾಲ್ಕು ಸೇರಿ ಸರಿಯಾಗಿ ಏಳು. ಅದೇ ಮಗು ಪಿಯುಗೆ ಮಾತ್ರ ಮರಳಿದರೆ ಬರೀ ಐದು. ಈ ನಿಯಮದಡಿ ಬರುವುದಿಲ್ಲ. ಐದನೇ ಕ್ಲಾಸು ಮುಗಿಸಿ ಹೋದವನು ಪಿಯುಗೆ ಬಂದರೆ ಮತ್ತೆ ಏಳು. ಪೋಷಕರ ಓದು, ನೌಕರಿ ಮುಂತಾದವುಗಳ ಮೇಲೆ ಬೇರೆ ಉಪನಿಯಮಗಳೂ ಇವೆ, ಪ್ರತಿ ವರ್ಷದ ಸಿಇಟಿ ಪುಸ್ತಿಕೆಯಲ್ಲಿ ಅವನ್ನು ಓದಿಕೊಳ್ಳಬೇಕು. ಆದರೆ ಏಳು ವರ್ಷದ ದಾರಿ ತೆರೆದಿಟ್ಟುಕೊಳ್ಳುವುದು ಕ್ಷೇಮ.

ಕಳಸದ ಸುತ್ತಲಿನ ಹಳ್ಳಿ ಶಾಲೆಗಳ ಮಕ್ಕಳಿಗೆ ಇನ್ನೊಂದು ಸಂಗತಿ ಇದೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಮಗು ನಡುವೆ ಒಂದು ವರ್ಷ ಹೊರದೇಶದಲ್ಲಿ ಓದಿದರೂ ಎರಡೂ ಕೈತಪ್ಪುತ್ತವೆ. ಅದಕ್ಕಾಗಿ ಹೋಗಬೇಡಿ ಎನ್ನುತ್ತಿಲ್ಲ. ಕಳೆದುಕೊಳ್ಳುವುದು ಏನು ಎಂದು ಗೊತ್ತಿದ್ದು ಹೋಗುವುದು ಒಳ್ಳೆಯದು. ಎಂಟನೇ ಕ್ಲಾಸಿನವರೆಗೆ ಊರಲ್ಲೇ ಓದಿದ ಮಗುವಾದರೆ, ಎರಡು ವರ್ಷ ತಡೆದು ಹತ್ತು ಮುಗಿಸಿ ಹೋಗುವುದೇ ಲಾಭ ಎಂದು ನನ್ನ ಅಭಿಪ್ರಾಯ.

ಹನ್ನೆರಡನೆಯದನ್ನೂ ಹೊರದೇಶದಲ್ಲೇ ಮುಗಿಸುವವರು ಪಾಸ್‌ಪೋರ್ಟಿನ ವಿಳಾಸ ಗಮನಿಸಿ. ಜೆಇಇ ಮೂಲಕ ಸುರತ್ಕಲ್ ಎನ್‌ಐಟಿಕೆಯಂಥ ಕಡೆ ತವರು ರಾಜ್ಯದ ಸೀಟು ಹಂಚುವಾಗ, ಹನ್ನೆರಡನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದ್ದಾರೆಂದು ನೋಡುತ್ತಾರೆ. ಹೊರದೇಶದಲ್ಲಿ ಪಾಸಾದ ಭಾರತೀಯರಿಗೆ ಪಾಸ್‌ಪೋರ್ಟಿನಲ್ಲಿರುವ ಭಾರತದ ಕಾಯಂ ವಿಳಾಸವೇ ಆಧಾರ. ಅಲ್ಲಿ ಕಳಸದ ಮನೆಯ ವಿಳಾಸ ಇರಲಿ.

ಯಾವ ಪಠ್ಯಕ್ರಮ?

ಇಂಟರ್‌ನ್ಯಾಷನಲ್ ಎಂಬ ಫಲಕಕ್ಕೆ ತನ್ನಷ್ಟಕ್ಕೆ ಬೆಲೆ ಇಲ್ಲ. ಬೆಲೆ ಇರುವುದು ಶಾಲೆ ಯಾವ ಪರೀಕ್ಷೆಗೆ ಮಗುವನ್ನು ಕೂರಿಸುತ್ತದೆ ಎನ್ನುವುದಕ್ಕೆ. ಹೊರದೇಶದಲ್ಲಿ ನಮ್ಮವರ ಮುಂದೆ ಬರುವುದು ಸಾಮಾನ್ಯವಾಗಿ ನಾಲ್ಕು: ಅಲ್ಲಿನ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಶಾಲೆ, ಕೇಂಬ್ರಿಡ್ಜಿನ ಐಜಿಸಿಎಸ್‌ಇ ಮತ್ತು ಎ ಲೆವೆಲ್, ಜಿನೀವಾದಲ್ಲಿ 1968ರಲ್ಲಿ ಹುಟ್ಟಿದ ಐಬಿ, ಇಲ್ಲವೇ ಆ ದೇಶದ್ದೇ ಸ್ಥಳೀಯ ಶಾಲೆ.

ಮೂರು ನಾಲ್ಕು ವರ್ಷಕ್ಕೆ ಗಲ್ಫಿಗೆ ಹೋಗಿ ಮರಳುವವರಿಗೆ ಸಿಬಿಎಸ್‌ಇ ಅತ್ಯಂತ ಸುಲಭದ ದಾರಿ. ಬಹರೇನಿನ ಇಂಡಿಯನ್ ಸ್ಕೂಲ್ 1950ರಷ್ಟು ಹಳೆಯದು, ದುಬೈಯ ಇಂಡಿಯನ್ ಹೈಸ್ಕೂಲ್ 1961ರದ್ದು, ಮಸ್ಕತ್ತಿನ ಇಂಡಿಯನ್ ಸ್ಕೂಲ್ 1975ರದ್ದು. ಪುಸ್ತಕ ಎನ್‌ಸಿಇಆರ್‌ಟಿಯದೇ, ಹಾಗಾಗಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಮಂಗಳೂರಿಗೋ ಬಂದು ಸಿಬಿಎಸ್‌ಇ ಶಾಲೆಗೆ ಸೇರಿದರೆ ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಫೀಸೂ ಬ್ರಿಟಿಷ್ ಶಾಲೆಗಳಿಗಿಂತ ಸಾಮಾನ್ಯವಾಗಿ ತುಂಬ ಕಡಿಮೆ. ಆದರೆ ಹೆಸರಾದ ಭಾರತೀಯ ಶಾಲೆಗಳಲ್ಲಿ ಸೀಟು ಸಿಗುವುದು ಕಷ್ಟ, ಕ್ಲಾಸು ತುಂಬಿರುತ್ತದೆ. ಅವುಗಳ ವರ್ಷ ಏಪ್ರಿಲ್‌ನಲ್ಲಿ ಆರಂಭ. ಸಿಬಿಎಸ್‌ಇ ಪರೀಕ್ಷೆಗೆ ಒಂಬತ್ತರಲ್ಲಿ ಮತ್ತು ಹನ್ನೊಂದರಲ್ಲಿ ಹೆಸರು ನೋಂದಾಯಿಸುವ ಪದ್ಧತಿ ಇರುವುದರಿಂದ ನೇರ ಹತ್ತಕ್ಕೆ, ಹನ್ನೆರಡಕ್ಕೆ ಸೇರಿಸುವುದು ದೊಡ್ಡ ತಲೆನೋವು. ಸ್ಥಳಾಂತರವನ್ನು ಒಂಬತ್ತರ ಮೊದಲೋ ಹತ್ತು ಮುಗಿದ ಮೇಲೋ ಇಟ್ಟುಕೊಳ್ಳಿ.

ಕೇಂಬ್ರಿಡ್ಜ್ ಮತ್ತು ಐಬಿ ಎರಡೂ ಗಟ್ಟಿ ಓದು, ಅದರಲ್ಲಿ ಅನುಮಾನವಿಲ್ಲ. ಐಬಿ ಡಿಪ್ಲೊಮಾದಲ್ಲಿ ಆರು ವಿಷಯ, 4,000 ಪದಗಳವರೆಗಿನ ಒಂದು ಸ್ವತಂತ್ರ ಪ್ರಬಂಧ, ಸಮಾಜಸೇವೆ, ಒಟ್ಟು 45 ಅಂಕ. ಹುಡುಗ ಹುಡುಗಿ ಸ್ವಂತ ಯೋಚಿಸಿ ಬರೆಯಲು ಕಲಿಯುತ್ತಾರೆ. ಮುಂದೆಯೂ ಹೊರದೇಶದಲ್ಲೇ ಓದುವವರಿಗೆ, ಅಪ್ಪನ ಕೆಲಸದ ಜೊತೆ ಎರಡು ಮೂರು ದೇಶ ಸುತ್ತುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಬರುವುದು ನಡುವೆ ಊರಿಗೆ ಮರಳಿದಾಗ. ಕಳಸದ ಆಸುಪಾಸಿನಲ್ಲಿ ಆ ಪಠ್ಯಕ್ರಮದ ಶಾಲೆಗಳಿಲ್ಲ; ಮುಂದುವರಿಸಬೇಕೆಂದರೆ ಬೆಂಗಳೂರಿನ ಕಡೆ ನೋಡಬೇಕು, ಅಲ್ಲಿನ ಫೀಸು ಕೊಡಲು ಸಿದ್ಧವಿರಬೇಕು.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಕೇಂಬ್ರಿಡ್ಜಿನ ಮೇ-ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಪಿಯು ಕಾಲೇಜುಗಳಲ್ಲಿ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಭಾರತದೊಳಗಿನ ಕೇಂಬ್ರಿಡ್ಜ್ ಶಾಲೆಗಳಿಗೆ ಇದಕ್ಕಾಗಿಯೇ ಮಾರ್ಚ್‌ನಲ್ಲಿ ಪರೀಕ್ಷೆ ಇಡುತ್ತಾರೆ, ಹೊರದೇಶದ ಶಾಲೆಗಳಿಗೆ ಆ ಅನುಕೂಲ ಇಲ್ಲ. ಐಬಿ ಫಲಿತಾಂಶ ಜುಲೈ ಮೊದಲ ವಾರ. ಈ ಎರಡು ಪಠ್ಯಕ್ರಮಗಳಲ್ಲಿ ಓದಿದ ಮಕ್ಕಳು ಇಲ್ಲಿನ ಪದವಿಗೆ ಸೇರುವಾಗ ಕಾಲೇಜು ತತ್ಸಮಾನ ಪತ್ರವನ್ನೂ ಕೇಳಬಹುದು. ನೀಟ್ ಬರೆಯುವ ಆಸೆ ಇದ್ದರೆ ಹನ್ನೊಂದು ಹನ್ನೆರಡರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ನಾಲ್ಕೂ ಇರುವಂತೆ ವಿಷಯ ಆರಿಸಬೇಕು. ಎ ಲೆವೆಲ್‌ನಲ್ಲಿ ಮೂರೇ ವಿಷಯ ಸಾಕು ಎಂದು ಶಾಲೆ ಹೇಳಿದರೂ ನಮಗೆ ಸಾಲದು.

ದೇಶ ನೋಡಿ ನಿರ್ಧಾರ

ಇಂಗ್ಲೆಂಡ್, ಅಮೆರಿಕ, ಜರ್ಮನಿಗೆ ಕೆಲಸದ ವೀಸಾದಲ್ಲಿ ಹೋಗುವವರು ಇಂಟರ್‌ನ್ಯಾಷನಲ್ ಶಾಲೆ ಹುಡುಕಲೇಬೇಕೆಂದಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳು ಅವಲಂಬಿತ ವೀಸಾದ ಮಕ್ಕಳಿಗೂ ಉಚಿತ. ಆದರೆ ಅಮೆರಿಕದಲ್ಲಿ ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿದೆಯೋ ಆ ಶಾಲೆ, ಇಂಗ್ಲೆಂಡಿನಲ್ಲಿ ಬಹುತೇಕ ಕಡೆ ಮನೆಗೂ ಶಾಲೆಗೂ ಇರುವ ದೂರವೇ ಸೀಟು ನಿರ್ಧರಿಸುತ್ತದೆ. ಆದ್ದರಿಂದ ಶಾಲೆ ನೋಡಿ ಆಮೇಲೆ ಬಾಡಿಗೆ ಮನೆ ಹಿಡಿಯಿರಿ. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಯ ವರದಿ ಪ್ರತಿ ಶಾಲೆಗೂ ಅಂತರ್ಜಾಲದಲ್ಲಿ ಸಿಗುತ್ತದೆ. ಖಾಸಗಿ ಶಾಲೆಯೇ ಬೇಕೆಂದರೆ 2025ರ ಜನವರಿಯಿಂದ ಅಲ್ಲಿನ ಫೀಸಿನ ಮೇಲೆ ಶೇ. 20 ವ್ಯಾಟ್ ಸೇರಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯ, ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸಿನ ಕೊನೆಗೆ, ಬರ್ಲಿನ್ ಮತ್ತು ಬ್ರಾಂಡನ್‌ಬುರ್ಗ್‌ನಲ್ಲಿ ಆರರ ಕೊನೆಗೆ, ವಿಶ್ವವಿದ್ಯಾಲಯದ ದಾರಿಗೆ ಹೋಗುವವರು ಯಾರು, ಕೈಕೆಲಸದ ದಾರಿಗೆ ಹೋಗುವವರು ಯಾರು ಎಂದು ಮಕ್ಕಳನ್ನು ಬೇರೆಬೇರೆ ಶಾಲೆಗೆ ಹಂಚುತ್ತಾರೆ. ಆರು ವರ್ಷದ ಮಗುವಾದರೆ ಸ್ಥಳೀಯ ಶಾಲೆ ಚಿಂತೆಯಿಲ್ಲ, ಆ ಹಂಚಿಕೆಗೆ ಮೊದಲು ಜರ್ಮನ್ ಕಲಿಯಲು ಸಮಯ ಇರುತ್ತದೆ. ಒಂಬತ್ತು ಹತ್ತು ವರ್ಷದ, ಜರ್ಮನ್ ಒಂದಕ್ಷರ ಬಾರದ ಮಗುವನ್ನು ಆ ಹಂಚಿಕೆಯ ಹೊಸ್ತಿಲಲ್ಲಿ ತಂದು ನಿಲ್ಲಿಸುವುದು ಅನ್ಯಾಯ. ಅಲ್ಲಿ ಇಂಗ್ಲಿಷ್ ಮಾಧ್ಯಮದ ಇಂಟರ್‌ನ್ಯಾಷನಲ್ ಶಾಲೆಗೆ ಖರ್ಚು ಮಾಡುವುದಕ್ಕೆ ಅರ್ಥವಿದೆ, ಕಂಪನಿಯಿಂದ ಆ ಭತ್ಯೆ ಕೇಳುವುದಕ್ಕೂ ಅರ್ಥವಿದೆ. ಸಿಂಗಪುರದ ಸರ್ಕಾರಿ ಶಾಲೆಗೆ ಎಇಐಎಸ್ ಎಂಬ ಪ್ರವೇಶ ಪರೀಕ್ಷೆ ಇದೆ, ಇಂಗ್ಲಿಷ್ ಮತ್ತು ಗಣಿತ. ಪಾಸಾದರೂ ಸೀಟು ಖಾತ್ರಿ ಇಲ್ಲ. ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ತಾತ್ಕಾಲಿಕ ವೀಸಾದವರ ಮಕ್ಕಳಿಂದ ಸರ್ಕಾರಿ ಶಾಲೆಗೂ ಫೀಸು ಪಡೆಯುತ್ತವೆ.

ದುಬೈಯಲ್ಲಿ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ ಖಾಸಗಿ ಶಾಲೆಗಳನ್ನು ತಪಾಸಣೆ ಮಾಡಿ ಅತ್ಯುತ್ತಮದಿಂದ ಹಿಡಿದು ತೀರಾ ದುರ್ಬಲದವರೆಗೆ ದರ್ಜೆ ಕೊಟ್ಟಿದೆ. ಅಬುಧಾಬಿಯಲ್ಲಿ ಅದೇ ಕೆಲಸ ಅಡೆಕ್‌ನದು. ದರ್ಜೆಯ ಒಂದು ಪದ ನೋಡಿ ಸುಮ್ಮನಾಗಬೇಡಿ. ವರದಿ ಯಾವ ವರ್ಷದ್ದು ನೋಡಿ, ಒಳಗೆ ಗಣಿತ ಮತ್ತು ಇಂಗ್ಲಿಷ್ ಬಗ್ಗೆ ಬರೆದ ಪುಟ ಓದಿ, ಶಿಕ್ಷಕರು ಎಷ್ಟು ಬೇಗ ಬಿಟ್ಟು ಹೋಗುತ್ತಾರೆ ಎಂಬ ಸಾಲು ಹುಡುಕಿ. ಶಿಕ್ಷಕರು ನಿಲ್ಲದ ಶಾಲೆಯಲ್ಲಿ ಈಜುಕೊಳ ಇದ್ದು ಏನು ಪ್ರಯೋಜನ?

ಕ್ಲಾಸು ಬದಲಾದರೆ ಗಾಬರಿ ಬೇಡ. 2019ರ ಜನವರಿಯಲ್ಲಿ ಹುಟ್ಟಿದ ಮಗು 2025ರ ಜೂನ್‌ನಲ್ಲಿ ಕಳಸದ ಶಾಲೆಯಲ್ಲಿ ಒಂದನೇ ಕ್ಲಾಸು. ಅದೇ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೋದರೆ ಇಯರ್ ಟೂ. ಅಲ್ಲಿ ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರ್‌ನಲ್ಲೇ ಶಾಲೆ ಶುರುವಾಗುವುದರಿಂದ ಹೀಗೆ. ಮರಳುವಾಗ ಎರಡನೇ ಕ್ಲಾಸಿಗೋ ಮೂರಕ್ಕೋ ಎಂಬ ಜಗಳ ಬರದಿರಲು, ಪ್ರತಿ ವರ್ಷದ ವರದಿಯಲ್ಲಿ ವಯಸ್ಸಿಗೆ ತಕ್ಕ ತರಗತಿ ಎಂದು ಬರೆಸಿಕೊಂಡಿರಿ.

ಭಾಷೆಯ ಕಷ್ಟ

ಕನ್ನಡ ಮಾಧ್ಯಮದಿಂದ ಹೋಗುವ ಮಕ್ಕಳ ಬಗ್ಗೆ ಪೋಷಕರಿಗೆ ಇರುವ ಭಯ ನನಗೆ ಅರ್ಥವಾಗುತ್ತದೆ. ಕೆನಡಾದ ಭಾಷಾ ಸಂಶೋಧಕ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಹೇಳುತ್ತ ಬಂದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹೊಸ ಭಾಷೆಯಲ್ಲಿ ಆಟದ ಮಾತು ಒಂದೆರಡು ವರ್ಷಕ್ಕೆ ಬಂದುಬಿಡುತ್ತದೆ, ಆದರೆ ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಮಗು ಗೆಳೆಯರ ಜೊತೆ ಪಟಪಟ ಇಂಗ್ಲಿಷ್ ಮಾತಾಡುವುದು ನೋಡಿ ಎಲ್ಲ ಸರಿಹೋಯಿತು ಎಂದುಕೊಳ್ಳುತ್ತೇವೆ. ವಿಜ್ಞಾನದ ಉತ್ತರ ಬರೆಯುವಾಗ ಅದೇ ಮಗು ಒದ್ದಾಡುತ್ತಿರುತ್ತದೆ. ಹಾಗಾಗಿ ಶಾಲೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳಿಗೆ ಬೇರೆ ಶಿಕ್ಷಕರಿದ್ದಾರೆಯೇ, ವಾರಕ್ಕೆ ಎಷ್ಟು ತಾಸು, ಅದಕ್ಕೆ ಬೇರೆ ದುಡ್ಡೇ? 'ತಾನಾಗಿ ಕಲಿಯುತ್ತದೆ ಬಿಡಿ' ಎಂದು ಉತ್ತರ ಬಂದರೆ ಆ ಶಾಲೆ ಬೇಡ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದು ಯಾರಾದರೂ ಸಲಹೆ ಕೊಟ್ಟರೂ ಕೇಳಬೇಡಿ. ತಾಯ್ನುಡಿ ಗಟ್ಟಿಯಾಗಿದ್ದಷ್ಟು ಎರಡನೇ ಭಾಷೆಗೆ ಆಸರೆ.

ಫೀಸಿನ ವಿಷಯದಲ್ಲಿ ಟ್ಯೂಷನ್ ಫೀಸು ಒಂದು ಭಾಗ ಮಾತ್ರ. ಅರ್ಜಿ ಶುಲ್ಕ, ನೋಂದಣಿ, ಕಟ್ಟಡ ನಿಧಿ, ಬಸ್ಸು, ಸಮವಸ್ತ್ರ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ ಸೇರಿಸಿ ವರ್ಷದ ಒಟ್ಟು ಮೊತ್ತ ಬರೆದು ಕೊಡಲು ಕೇಳಿ. ಕೆಲಸ ಹೋಗಿ ನಡುವೆ ಹೊರಡಬೇಕಾದರೆ ಎಷ್ಟು ತಿಂಗಳ ನೋಟಿಸು, ಡಿಪಾಸಿಟ್ ವಾಪಸು ಬರುತ್ತದೆಯೇ ಎಂಬುದೂ ಕಾಗದದ ಮೇಲೆ ಇರಲಿ. ಇದನ್ನು ಕೇಳಲು ಸಂಕೋಚ ಪಡಬೇಡಿ.

ಕಾಗದಪತ್ರ ಇಲ್ಲಿಂದಲೇ

ಹೆಚ್ಚಿನ ಕಷ್ಟ ಅಲ್ಲಿಗೆ ಹೋದ ಮೇಲಲ್ಲ, ಇಲ್ಲಿನ ಕಾಗದದಲ್ಲೇ ಇರುತ್ತದೆ. ಒಂದು ಮಗುವಿನ ಕಡತ ತೆರೆದು ನೋಡಿ. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಟಿಸಿಯಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್. ಆಧಾರ್‌ನಲ್ಲಿ ಒಂದೇ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಊರಿನ ಹೆಸರೂ ಅಪ್ಪನ ಹೆಸರೂ ಸೇರಿರುತ್ತವೆ. ಹೊರದೇಶದ ಶಾಲೆಗೆ ಇವು ನಾಲ್ಕು ಬೇರೆ ಮಕ್ಕಳು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಿಂದ ನಿಯಮ ತಂದಿದೆ. ಹೊರಡುವ ಆರು ತಿಂಗಳ ಮೊದಲು ಎಲ್ಲವನ್ನೂ ಪಾಸ್‌ಪೋರ್ಟಿನ ಹೆಸರಿಗೆ ಸರಿಹೊಂದಿಸಿ. ಟಿಸಿ ಬರೆಸುವ ಮೊದಲೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಿದ್ದುಪಡಿ ಆಗಬೇಕು.

ಟಿಸಿಗೆ ಮುಖ್ಯೋಪಾಧ್ಯಾಯರ ಸಹಿ ಸಾಲುವುದಿಲ್ಲ. ಬಿಇಒ ಮೇಲುಸಹಿ, ಆಮೇಲೆ ರಾಜ್ಯದ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವ ಅಪೋಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಒಪ್ಪಂದದ ದೇಶಗಳಿಗೆ ಸಾಮಾನ್ಯವಾಗಿ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಸಾಕು. ಯುಎಇ, ಕುವೈತ್‌ಗೆ ಅವರ ದೂತಾವಾಸದ ಮುದ್ರೆಯೂ ಬೇಕು. ಇಂಗ್ಲೆಂಡ್, ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಇಷ್ಟೆಲ್ಲ ಕೇಳುವುದಿಲ್ಲ. ಎರಡು ವರ್ಷದ ಅಂಕಪಟ್ಟಿ, ಶಾಲೆಯ ಮುದ್ರೆಯಿರುವ ಇಂಗ್ಲಿಷ್ ಪತ್ರ ಸಾಕು.

ಲಸಿಕೆ ಬಹಳ ಮುಖ್ಯ. ನಮ್ಮ ಮನೆಗಳಲ್ಲಿ ಲಸಿಕೆಯ ದಾಖಲೆ ಎಂದರೆ ತಾಯಿ ಕಾರ್ಡು. ಆಶಾ ಕಾರ್ಯಕರ್ತೆ ಬಾಲ್‌ಪೆನ್ನಿನಲ್ಲಿ ಬರೆದ ದಿನಾಂಕ, ಮಡಿಕೆಯಲ್ಲಿ ಅಳಿಸಿಹೋದ ಅಂಕಿ, ಮಳೆಗಾಲದ ತೇವಕ್ಕೆ ಅಂಟಿಕೊಂಡ ಪುಟ. ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಇಂಗ್ಲಿಷ್‌ನಲ್ಲಿ ಟೈಪು ಮಾಡಿಸಿ, ವೈದ್ಯರ ಸಹಿ, ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇರುವುದು ದಡಾರ ಮತ್ತು ರುಬೆಲ್ಲಾದ ಎಂಆರ್ ಲಸಿಕೆ. ಅಮೆರಿಕದ ಶಾಲೆಗಳು ಮಂಗಬಾವು ಸೇರಿದ ಎಂಎಂಆರ್ ಕೇಳುತ್ತವೆ, ಸೀತಾಳೆ ಸಿಡುಬಿನ ಲಸಿಕೆಯನ್ನೂ ಕೇಳುತ್ತವೆ. ಅದು ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಹದಿಮೂರರ ಕೆಳಗಿನ ಮಕ್ಕಳಿಗೆ ಸೀತಾಳೆ ಸಿಡುಬಿನ ಎರಡು ಡೋಸಿನ ನಡುವೆ ಮೂರು ತಿಂಗಳ ಅಂತರ ಬೇಕು. ಟಿಕೆಟ್ ಬುಕ್ ಆದ ಮೇಲೆ ನೆನಪಾದರೆ ತಡವಾಯಿತು. ಬಿಸಿಜಿ ಹಾಕಿದ ಮಗುವಿಗೆ ಟಿಬಿಗಾಗಿ ಚರ್ಮದ ಮೇಲೆ ಮಾಡುವ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆ ಮಾಡಿಸುವ ಅವಕಾಶ ಕೇಳಿ.

ಹೊರದೇಶದ ಶಾಲೆಗಳ ಆನ್‌ಲೈನ್ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ನಮ್ಮ ಮಳೆಗಾಲದಲ್ಲೇ ಬಂದುಬಿಡಬಹುದು. ಮರ ಬಿದ್ದು ಲೈನು ಹೋದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು, ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ಕಡೆಯ ದಾರಿ ನಿಲ್ಲುತ್ತದೆ. ಪರೀಕ್ಷೆಗೆ ಹಿಂದಿನ ದಿನವೇ ಮಗುವನ್ನು ಕರೆದುಕೊಂಡು ಚಿಕ್ಕಮಗಳೂರಿಗೋ ಮಂಗಳೂರಿಗೋ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಕ್ಯಾಟ್ ಫೋರ್ ಎಂಬಂಥ ಬುದ್ಧಿಸಾಮರ್ಥ್ಯ ಪರೀಕ್ಷೆಯಲ್ಲಿ ಆಕೃತಿ, ಸಂಖ್ಯೆ, ಪದಗಳ ಒಗಟು ಇರುತ್ತವೆ. ಕಂಪ್ಯೂಟರ್ ಮುಟ್ಟಿಯೇ ಇಲ್ಲದ ಮಗು ಅಂದೇ ಮೌಸ್ ಹಿಡಿಯುವಂತಾಗಬಾರದು.

ಮಗುವನ್ನು ಇಲ್ಲೇ ಬಿಟ್ಟು ಹೋಗುವುದೂ ಒಂದು ದಾರಿ, ನಮ್ಮ ಕಡೆ ಹಳೆಯ ದಾರಿ. ಉಜಿರೆ, ಮೂಡಬಿದಿರೆಯ ಹಾಸ್ಟೆಲುಗಳಲ್ಲಿ ಕಳಸದ ಮಕ್ಕಳು ಮೊದಲಿನಿಂದಲೂ ಇದ್ದಾರೆ. ಬಾಳೆಹೊನ್ನೂರಿನ ಸೀಗೋಡಿನಲ್ಲಿ ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರುವ ನವೋದಯ ಇದೆ. ಆದರೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಈ ದಾರಿ ಯೋಗ್ಯವಾದೀತು. ಅದಕ್ಕಿಂತ ಚಿಕ್ಕವರನ್ನು ಬಿಟ್ಟು ಹೋಗಬೇಡಿ. ಅಪ್ಪ ಅಮ್ಮ ಹತ್ತಿರ ಇಲ್ಲದ್ದನ್ನು ಯಾವ ಶಾಲೆಯೂ ತುಂಬಿಕೊಡದು.

ಕನ್ನಡದ ಪಾಲು

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಯಬೇಕು. ಏಳು ವರ್ಷ ಹೊರಗಿದ್ದು ಎಂಟನೇ ಕ್ಲಾಸಿಗೆ ಮರಳಿದ ಮಗುವಿಗೆ ಗಣಿತ, ವಿಜ್ಞಾನಕ್ಕಿಂತ ಕನ್ನಡ ಪತ್ರಿಕೆಯೇ ಭಾರವಾಗುವುದು ಇದರಿಂದ. ಸಿಂಗಪುರದ ಸರ್ಕಾರಿ ಶಾಲೆಗಳ ಮಾತೃಭಾಷಾ ಪಟ್ಟಿಯಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಐಬಿ ಡಿಪ್ಲೊಮಾದಲ್ಲಿ ತಾಯ್ನುಡಿಯ ಸಾಹಿತ್ಯವನ್ನು ಶಾಲೆಯ ಬೆಂಬಲದಿಂದ ಸ್ವತಃ ಓದಿ ಪರೀಕ್ಷೆ ಬರೆಯುವ ಏರ್ಪಾಡಿದೆ. ಕನ್ನಡಕ್ಕೆ ಒಪ್ಪಿಗೆ ಸಿಗುತ್ತದೆಯೇ ಎಂದು ಸೇರುವ ದಿನವೇ ಕೇಳಿ. ದುಬೈಯಲ್ಲಿ ಕನ್ನಡ ಮಿತ್ರರು ಬಳಗ ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆ ಇದೆ, ಅಮೆರಿಕದ ಹಲವು ಊರುಗಳಲ್ಲಿ ಕನ್ನಡ ಅಕಾಡೆಮಿಯ ಕನ್ನಡ ಕಲಿ ತರಗತಿಗಳಿವೆ. ಮನೆ ಹುಡುಕುವಾಗಲೇ ಇವುಗಳ ವಿಳಾಸವನ್ನೂ ಹುಡುಕಿಟ್ಟುಕೊಳ್ಳಿ.

ಹತ್ತಿರದಲ್ಲಿ ಅಂಥ ಏನೂ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಪ್ರಥಮ ಭಾಷೆಯ ಸಿರಿ ಕನ್ನಡ ಹೊರಗಿದ್ದ ಮಕ್ಕಳಿಗೆ ಕಷ್ಟ, ದ್ವಿತೀಯ ಭಾಷೆಯ ತಿಳಿ ಕನ್ನಡದಿಂದ ಶುರು ಮಾಡಿ. ಕಳಸದ ಮನೆಯಲ್ಲೂ ಅದೇ ಪುಸ್ತಕದ ಒಂದು ಪ್ರತಿ ಇರಲಿ. ಭಾನುವಾರದ ವಿಡಿಯೊ ಕರೆಯಲ್ಲಿ ಅಜ್ಜನೋ ಅಜ್ಜಿಯೋ ಒಂದು ಪುಟ ಓದಿಸಲಿ, ಉಕ್ತಲೇಖನ ಬರೆಸಲಿ. ಎಂಟನೇ ಕ್ಲಾಸಿಗೆ ಮರಳುವ ಯೋಜನೆ ಇದ್ದರೆ ಅಷ್ಟು ಹೊತ್ತಿಗೆ ಏಳರ ತಿಳಿ ಕನ್ನಡ ಮುಗಿದಿರಬೇಕು.